ಪರದೇಶಿಯಾಗಿ ಬಂದು ಬೀದರಿನವರಾದ ಖ್ವಾಜಾ ಮಹಮೂದ್ ಗವಾನ್

ನಮ್ಮ ಕೊಕಟನೂರ, ಅಥಣಿ ಭಾಗದ ಮಕ್ಕಳು ಹೆಚ್ಚಿನ ಓದಿಗಾಗಿ ಬೆಳಗಾವಿ, ವಿಜಯಪುರ, ಪುಣೆ ಎಂದು ಊರು ಬಿಟ್ಟು ಹೋಗುತ್ತಾರೆ. ಹೊಸ ಊರಿನಲ್ಲಿ ಮಾತು ಬೇರೆ, ಊಟ ಬೇರೆ, ಪರಿಚಯದ ಮುಖ ಒಂದೂ ಇರುವುದಿಲ್ಲ. ಮೊದಲ ತಿಂಗಳಲ್ಲೇ ಗಂಟುಮೂಟೆ ಕಟ್ಟಿಕೊಂಡು ಮರಳಿದವರೂ ಉಂಟು. ಅಂಥವರು ತಿಳಿಯಬೇಕಾದ ಜೀವನ ಖ್ವಾಜಾ ಮಹಮೂದ್ ಗವಾನ್ ಅವರದು.

ಇರಾನಿನ ಕ್ಯಾಸ್ಪಿಯನ್ ಸಮುದ್ರದ ದಡದಲ್ಲಿರುವ ಗಿಲಾನ್ ಪ್ರಾಂತದಲ್ಲಿ 1411ರ ಸುಮಾರಿಗೆ ಅವರು ಜನಿಸಿದರು. ಮಂತ್ರಿಗಳ ಮನೆತನ. ಆದರೆ ಅಲ್ಲಿನ ದರಬಾರಿನ ಒಳಜಗಳಗಳಿಂದಾಗಿ ತಾಯ್ನಾಡು ಬಿಡಬೇಕಾಯಿತು. ವ್ಯಾಪಾರವನ್ನೇ ಜೀವನೋಪಾಯ ಮಾಡಿಕೊಂಡು ದೇಶ ಸುತ್ತಿದರು. ಹೋದಲ್ಲೆಲ್ಲ ಉಲಮಾಗಳ ಬಳಿ ಕುಳಿತು ಇಲ್ಮ್ ಗಳಿಸಿದರು.

1453ರಲ್ಲಿ ಅವರು ಕೊಂಕಣದ ದಾಭೋಳ ಬಂದರಿನಲ್ಲಿ ಇಳಿದರು. ಆಗ ಅವರಿಗೆ ನಲವತ್ತು ದಾಟಿತ್ತು. ಬೀದರಿನಲ್ಲಿದ್ದ ಸೂಫಿ ಸಂತ ಶಾಹ ಮುಹಿಬ್ಬುಲ್ಲಾ ಅವರನ್ನು ಕಂಡು, ಅಲ್ಲಿಂದ ದಿಲ್ಲಿಗೆ ಹೋಗುವುದು ಅವರ ವಿಚಾರವಾಗಿತ್ತು. ಆದರೆ ಬಹಮನಿ ಸುಲ್ತಾನ ಎರಡನೆಯ ಅಲಾಉದ್ದೀನ್ ಅಹ್ಮದ್ ಶಾಹ ಅವರ ಯೋಗ್ಯತೆ ಕಂಡು ದರಬಾರಿನಲ್ಲಿ ಸ್ಥಾನ ಕೊಟ್ಟರು. ದಿಲ್ಲಿಯ ದಾರಿ ಅಲ್ಲಿಗೇ ನಿಂತಿತು. ನೋಡಿ ಹೋಗಲು ಬಂದ ಊರೇ ಅವರ ಊರಾಯಿತು.

ಹೊಸಬರಿಗೆ ಬೀದರ ಸುಲಭದ ಊರಾಗಿರಲಿಲ್ಲ. ದರಬಾರಿನಲ್ಲಿ ಪಾರಸಿ ನಡೆಯುತ್ತಿತ್ತು. ಪೇಟೆಯಲ್ಲಿ ಕನ್ನಡ, ಮರಾಠಿ, ತೆಲುಗು, ದಖನಿ ಎಲ್ಲವೂ ಕೇಳುತ್ತಿದ್ದವು. ಇದಕ್ಕಿಂತ ದೊಡ್ಡ ಕಷ್ಟವೆಂದರೆ ಅಮೀರರ ನಡುವಿನ ಬಣಗಳು. ತಲೆಮಾರುಗಳಿಂದ ಇಲ್ಲಿಯೇ ನೆಲೆಸಿದವರು ದಖನಿಗಳು. ಇರಾನ್, ಇರಾಕ್, ತುರ್ಕಿ ಕಡೆಯಿಂದ ಬಂದವರು ಆಫಾಕಿಗಳು, ಅಂದರೆ ಪರದೇಶಿಗಳು. ಈ ಎರಡು ಬಣಗಳ ದ್ವೇಷದಲ್ಲಿ ಅದಾಗಲೇ ರಕ್ತ ಹರಿದಿತ್ತು. ಗವಾನರು ಪರದೇಶಿಯೇ. ಆದರೂ ಅಧಿಕಾರ ಕೈಗೆ ಬಂದಾಗ ತಮ್ಮವರಿಗಷ್ಟೇ ಹುದ್ದೆ ಹಂಚಲಿಲ್ಲ, ಎರಡೂ ಕಡೆಯವರಿಗೆ ಸಮಪಾಲು ಕೊಡಲು ಯತ್ನಿಸಿದರು.

ಹುಮಾಯೂನ್ ಶಾಹನ ಕಾಲದಲ್ಲಿ ಅವರಿಗೆ ಮಲಿಕ್-ಉತ್-ತುಜ್ಜಾರ್, ಅಂದರೆ ವರ್ತಕರ ಒಡೆಯ ಎಂಬ ಬಿರುದು ಬಂತು. ಮುಂದೆ ಮೂರನೆಯ ಮುಹಮ್ಮದ್ ಶಾಹನ ಆಳ್ವಿಕೆಯಲ್ಲಿ ಪ್ರಧಾನ ವಜೀರರಾದರು. 1472ರಲ್ಲಿ ಗೋವೆಯನ್ನು ಗೆದ್ದರು. ಬಳಿಕ ನಮ್ಮ ಬೆಳಗಾವಿಯ ಕೋಟೆಯೂ ಬಹಮನಿಗಳ ವಶವಾಯಿತು. ಗೋಡೆಗೆ ಸುರಂಗ ಕೊರೆದು ಮದ್ದು ತುಂಬಿ ಸಿಡಿಸಿದ್ದು ಆ ಮುತ್ತಿಗೆಯ ವಿಶೇಷ. ನಾಲ್ಕು ತರಫ್‌ಗಳಿದ್ದ ರಾಜ್ಯವನ್ನು ಎಂಟು ಭಾಗ ಮಾಡಿದರು. ಒಂದು ಪ್ರಾಂತದಲ್ಲಿ ಒಂದೇ ಕೋಟೆ ತರಫದಾರನ ಕೈಯಲ್ಲಿರಬೇಕೆಂದು ನಿಯಮ ಮಾಡಿದರು. ಜಮೀನು ಅಳತೆ ಮಾಡಿಸಿದರು. ಇದರಿಂದ ಅಧಿಕಾರ ಕಳೆದುಕೊಂಡ ಅಮೀರರು ಒಳಗೊಳಗೇ ಕುದಿಯತೊಡಗಿದರು.

ಇಷ್ಟು ದೊಡ್ಡ ಹುದ್ದೆಯಲ್ಲಿದ್ದರೂ ಅವರ ಮನೆಯ ಬದುಕು ಫಕೀರನದಾಗಿತ್ತು. ಇತಿಹಾಸಕಾರ ಫರಿಶ್ತಾ ಬರೆದಂತೆ, ಮಣ್ಣಿನ ಪಾತ್ರೆಯಲ್ಲಿ ಊಟ, ಚಾಪೆಯ ಮೇಲೆ ನಿದ್ದೆ. ಇರಾನಿನಿಂದ ತಂದಿದ್ದ ಬಂಡವಾಳವನ್ನು ವ್ಯಾಪಾರದಲ್ಲಿ ತೊಡಗಿಸಿ, ಅದರ ಲಾಭದಲ್ಲೇ ಸ್ವಂತ ಖರ್ಚು ನಡೆಸುತ್ತಿದ್ದರು. ಜಹಗೀರಿನ ಆದಾಯ ಸೈನಿಕರಿಗೂ ಬಡವರಿಗೂ ಹೋಗುತ್ತಿತ್ತು. ಬಿಟ್ಟು ಬಂದ ನಾಡಿನ ನೆನಪನ್ನು ಪತ್ರಗಳ ಮೂಲಕ ಉಳಿಸಿಕೊಂಡರು. ಹೆರಾತ್‌ನ ಮಹಾಕವಿ ಜಾಮಿಯವರೊಂದಿಗೂ ಅವರ ಪತ್ರವ್ಯವಹಾರವಿತ್ತು. ಅವರ ಪತ್ರಗಳ ಸಂಗ್ರಹ ರಿಯಾಜ್-ಉಲ್-ಇನ್‌ಶಾ ಇಂದಿಗೂ ಉಳಿದಿದೆ.

ತಮಗೆ ಆಸರೆ ಕೊಟ್ಟ ಊರಿಗೆ ಅವರು ಕೊಟ್ಟ ಕಾಣಿಕೆ ಬೀದರಿನ ಮದರಸಾ. 1472ರಲ್ಲಿ ಪೂರ್ಣಗೊಂಡ ಈ ಮೂರು ಅಂತಸ್ತಿನ ಕಟ್ಟಡದಲ್ಲಿ ಉಪನ್ಯಾಸದ ಕೋಣೆಗಳು, ಮಸೀದಿ, ಗ್ರಂಥಾಲಯ, ಉಸ್ತಾದರಿಗೂ ವಿದ್ಯಾರ್ಥಿಗಳಿಗೂ ವಸತಿ ಇದ್ದವು. ಗ್ರಂಥಾಲಯದಲ್ಲಿ ಸುಮಾರು 3000 ಹಸ್ತಪ್ರತಿಗಳಿದ್ದವೆಂದು ಹೇಳುತ್ತಾರೆ. ಇರಾನಿನ ಮಾದರಿಯ ನೀಲಿ, ಹಸಿರು, ಹಳದಿ ಹೆಂಚುಗಳು ಗೋಡೆಗಳನ್ನು ಅಲಂಕರಿಸಿದ್ದವು. ದೂರದಿಂದ ಬಂದ ವಿದ್ಯಾರ್ಥಿಗೆ ತಲೆಯ ಮೇಲೊಂದು ಸೂರು ಎಷ್ಟು ಅಗತ್ಯವೆಂಬುದು ದೂರದಿಂದ ಬಂದವರಿಗೇ ಗೊತ್ತು.

ಆದರೆ ಇಪ್ಪತ್ತೆಂಟು ವರ್ಷ ದುಡಿದರೂ ವೈರಿಗಳ ಕಣ್ಣಿಗೆ ಅವರು ಪರದೇಶಿಯೇ ಆಗಿ ಉಳಿದರು. ಮುದ್ರೆ ಕಾಯುವ ಸೇವಕನನ್ನು ವಶ ಮಾಡಿಕೊಂಡ ಸಂಚುಗಾರರು ಖಾಲಿ ಕಾಗದಕ್ಕೆ ಗವಾನರ ಮುದ್ರೆ ಒತ್ತಿಸಿದರು. ಅದರ ಮೇಲೆ ಒಡಿಶಾದ ಅರಸನನ್ನು ದಂಡೆತ್ತಿ ಬರಲು ಕರೆಯುವ ಸುಳ್ಳು ಪತ್ರ ಬರೆದು ಸುಲ್ತಾನನಿಗೆ ತೋರಿಸಿದರು. ಗುಜರಾತಿಗೆ ಪಾರಾಗುವಂತೆ ಹಿತೈಷಿಗಳು ಸಲಹೆ ಕೊಟ್ಟರೂ ಅವರು ಓಡಿಹೋಗಲಿಲ್ಲ. 1481ರ ಏಪ್ರಿಲ್ 5ರಂದು, ವಿಚಾರಣೆಯೂ ಇಲ್ಲದೆ, ಎಪ್ಪತ್ತರ ಆ ವೃದ್ಧರ ತಲೆ ಕಡಿಯಲಾಯಿತು. ಅವರ ಬೊಕ್ಕಸ ತೆರೆದಾಗ ಸಿಕ್ಕಿದ್ದು ಅತ್ಯಲ್ಪ ಹಣ. ಸತ್ಯ ತಿಳಿದ ಸುಲ್ತಾನ ಪಶ್ಚಾತ್ತಾಪದಲ್ಲಿ ಬೆಂದು ಮರುವರ್ಷವೇ ತೀರಿಕೊಂಡ. ಕ್ರಮೇಣ ರಾಜ್ಯ ಐದು ಹೋಳಾಯಿತು. ಅದರಲ್ಲೊಂದಾದ ವಿಜಯಪುರದ ಆದಿಲ್‌ಶಾಹಿಯನ್ನು ಸ್ಥಾಪಿಸಿದ ಯೂಸುಫ್ ಆದಿಲ್ ಖಾನ್ ಗವಾನರ ಆಶ್ರಯದಲ್ಲಿ ಮೇಲೆ ಬಂದವರು.

ಔರಂಗಜೇಬನ ಕಾಲದಲ್ಲಿ ಮದರಸಾದೊಳಗೆ ಮದ್ದುಗುಂಡು ತುಂಬಿಡಲಾಗಿತ್ತು. ಅದು ಸಿಡಿದು ಕಟ್ಟಡದ ದೊಡ್ಡ ಭಾಗ ಕುಸಿಯಿತು. ಒಂದು ಮಿನಾರು ಮಾತ್ರ ಇಂದಿಗೂ ನಿಂತಿದೆ. ಬೀದರಿಗೆ ಹೋದವರು ಅದನ್ನು ನೋಡದೆ ಬರಬಾರದು.

ವಿದ್ಯಾರ್ಥಿ ಮಿತ್ರರೇ, ಪರಊರಿನಲ್ಲಿ ಬೇಸರವಾದಾಗ ಆ ಮಿನಾರನ್ನು ನೆನೆಯಿರಿ. ಆ ಊರಿಗೆ ನಿಮ್ಮಿಂದ ಏನಾದರೂ ಒಳಿತಾದರೆ ಅದು ನಿಮ್ಮ ಊರೂ ಆಗುತ್ತದೆ. ಹಾಗೆಯೇ ನಮ್ಮ ಊರಿಗೆ ಹೊಸದಾಗಿ ಬಂದವರನ್ನು ಹೊರಗಿನವರೆಂದು ದೂರ ಇಡದಿರೋಣ. ಇಂಥ ನಡೆಯನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.