ಭಕ್ತಿಭಂಡಾರಿ ಬಸವಣ್ಣನವರೂ ಅರ್ಥಶುದ್ಧಿಯೂ

ಧನವಿಲ್ಲದೆ ಗೃಹಸ್ಥಾಶ್ರಮವು ನಡೆಯದು. ಧನವೊಂದನ್ನೇ ನೆಚ್ಚಿದರೆ ಆ ಆಶ್ರಮದಲ್ಲಿ ಧರ್ಮವು ನಿಲ್ಲದು. ಪುರುಷಾರ್ಥಗಳನ್ನು ಎಣಿಸುವಾಗ ಪೂರ್ವಿಕರು ಅರ್ಥಕ್ಕೆ ಮುಂದೆ ಧರ್ಮವನ್ನೂ ಎಲ್ಲಕ್ಕೂ ಕೊನೆಯಲ್ಲಿ ಮೋಕ್ಷವನ್ನೂ ಇರಿಸಿದುದು ಈ ಕಾರಣದಿಂದಲೇ. ವಿರಕ್ತನಿಗೆ ಈ ಸಮಸ್ಯೆ ಅಷ್ಟು ಕಠಿಣವಲ್ಲ. ಆತನು ಹೊನ್ನನ್ನು ಮುಟ್ಟದೆ ಬಾಳಬಲ್ಲನು. ಆದರೆ ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡನ್ನು ಕೊಳ್ಳುವವನು, ಚನ್ನಪಟ್ಟಣದಲ್ಲಿ ಬೊಂಬೆಗಳನ್ನು ಕಡೆದು ಮಾರುವವನು, ಕನಕಪುರದ ಸೀಮೆಯಲ್ಲಿ ಹಿಪ್ಪುನೇರಳೆಯನ್ನು ಬೆಳೆದು ಹುಳು ಸಾಕುವವನು, ಮಾಗಡಿಯ ಪೇಟೆಯಲ್ಲಿ ಅಂಗಡಿಯನ್ನಿಟ್ಟವನು, ಇವರು ಬೆಳಗಾದರೆ ಹಣವನ್ನು ಮುಟ್ಟಲೇಬೇಕು. ಹಣವನ್ನು ಮುಟ್ಟಿಯೂ ಕೈ ಶುದ್ಧವಾಗಿರುವುದು ಹೇಗೆ ಎಂಬುದೇ ಸದ್ಭಕ್ತ ಗೃಹಸ್ಥನ ಮುಂದಿರುವ ನಿಜವಾದ ಪ್ರಶ್ನೆ. ಈ ಪ್ರಶ್ನೆಗೆ ಬಸವಣ್ಣನವರ ಜೀವನದಲ್ಲಿ ಉತ್ತರವುಂಟು. ಅವರು ಅರಣ್ಯದಲ್ಲಿ ಕುಳಿತು ಧರ್ಮವನ್ನು ಬೋಧಿಸಿದವರಲ್ಲ. ಒಂದು ರಾಜ್ಯದ ಬೊಕ್ಕಸವನ್ನು ಕೈಯಲ್ಲಿ ಹಿಡಿದು, ಪ್ರತಿದಿನವೂ ಲೆಕ್ಕ ಬರೆದು, ಆ ಲೆಕ್ಕದ ನಡುವೆಯೇ ಭಕ್ತಿಯನ್ನು ಸಾಧಿಸಿದವರು.

12ನೆಯ ಶತಮಾನದ ಪೂರ್ವಾರ್ಧದಲ್ಲಿ, ಇಂದಿನ ವಿಜಯಪುರ ಜಿಲ್ಲೆಯ ಬಾಗೇವಾಡಿಯ ಅಗ್ರಹಾರದಲ್ಲಿ ಮಾದರಸ ಮಾದಲಾಂಬಿಕೆಯರ ಪುತ್ರರಾಗಿ ಬಸವಣ್ಣನವರು ಅವತರಿಸಿದರು. 1260ರ ಅರ್ಜುನವಾಡದ ಶಿಲಾಶಾಸನವು ಅವರನ್ನು ಬಾಗೇವಾಡಿಯ ಮಾದಿರಾಜನ ಮಗನೆಂದೇ ಹೆಸರಿಸಿರುವುದರಿಂದ, ಪುರಾಣಕಾವ್ಯಗಳ ಮಾತಿಗೆ ಕಲ್ಲಿನ ಸಾಕ್ಷ್ಯವೂ ದೊರೆತಂತಾಗಿದೆ. ಹುಟ್ಟಿನಿಂದ ಬಂದ ಮೇಲ್ಮೆಯನ್ನು ಅವರು ತಮ್ಮ ಪಾಲಿನ ಆಸ್ತಿಯೆಂದು ಭಾವಿಸಲಿಲ್ಲ. ಉಪವೀತವನ್ನು ತ್ಯಜಿಸಿ, ಬಂಧುವರ್ಗವನ್ನು ಬಿಟ್ಟು, ಕೃಷ್ಣಾ ಮಲಪ್ರಭೆಯರು ಕೂಡುವ ಕೂಡಲಸಂಗಮಕ್ಕೆ ಬಂದು ಗುರುಸನ್ನಿಧಿಯಲ್ಲಿ ವಿದ್ಯೆಯನ್ನೂ ಶಿವಭಕ್ತಿಯನ್ನೂ ಪಡೆದರು.

ಆ ಕಾಲವು ದಾರಿದ್ರ್ಯದ ಕಾಲವಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಮಲಪ್ರಭೆಯ ದಡದಲ್ಲಿಯೇ ಇರುವ ಅಯ್ಯಾವೊಳೆಯ ಹೆಸರನ್ನು ಹೊತ್ತ ಐನೂರ್ವರೆಂಬ ವರ್ತಕಸಂಘವು ದಕ್ಷಿಣದೇಶವನ್ನೆಲ್ಲ ವ್ಯಾಪಿಸಿತ್ತು. ವರ್ತಕರು ಎತ್ತು ಕತ್ತೆಗಳ ಮೇಲೆ ಸರಕನ್ನು ಹೇರಿಕೊಂಡು ನಾಡಿನಿಂದ ನಾಡಿಗೆ ಸಾಗುತ್ತಿದ್ದರು. ಸುಂಕದ ಒಂದು ಭಾಗವನ್ನು ದೇವಾಲಯಗಳಿಗೆ ಬಿಟ್ಟುಕೊಟ್ಟ ದಾನಶಾಸನಗಳು ಎಷ್ಟೋ ದೊರೆತಿವೆ. ಸಂಪಾದನೆ ಹೇಗೆ ಬಂದರೂ ಅದರಲ್ಲೊಂದು ಪಾಲನ್ನು ದೇವರಿಗೆ ಅರ್ಪಿಸಿದರೆ ಉಳಿದುದು ಪರಿಶುದ್ಧವಾಯಿತೆಂಬ ಭಾವನೆ ಅಂದೂ ಜನರಲ್ಲಿತ್ತು, ಇಂದೂ ಇದೆ. ಬಸವಣ್ಣನವರು ಪರೀಕ್ಷೆಗೆ ಒಡ್ಡಿದುದು ಈ ಭಾವನೆಯನ್ನೇ.

ಕೂಡಲಸಂಗಮದಿಂದ ಅವರು ಮಂಗಳವಾಡಕ್ಕೆ ಬಂದರು. ಅಲ್ಲಿ ಕಳಚುರಿ ಬಿಜ್ಜಳನು ಚಾಲುಕ್ಯರ ಮಾಂಡಲಿಕನಾಗಿ ಆಳುತ್ತಿದ್ದನು. ಕರಣಿಕರು ಕುಳಿತು ಲೆಕ್ಕ ಬರೆಯುತ್ತಿದ್ದಾಗ ಅದರಲ್ಲಿದ್ದ ತಪ್ಪನ್ನು ತೋರಿಸಿಕೊಟ್ಟುದರಿಂದ ಅವರಿಗೆ ರಾಜಸೇವೆಯು ದೊರೆಯಿತೆಂದು ಕಥನವುಂಟು. ಮುಂದೆ ಅವರು ಭಂಡಾರದ ಅಧಿಕಾರಿಗಳಾದರು. 1162ರ ವೇಳೆಗೆ ಬಿಜ್ಜಳನು ಕಲ್ಯಾಣದಲ್ಲಿ ಸ್ವತಂತ್ರ ಪ್ರಭುವಾದಾಗ ಅವರ ಹೊಣೆಯೂ ಅದಕ್ಕೆ ತಕ್ಕಂತೆ ಹಿರಿದಾಯಿತು. ಹಗಲು ಅರಮನೆಯ ಭಂಡಾರ, ಇರುಳು ಶರಣರ ಗೋಷ್ಠಿ; ಇತ್ತ ಗಂಗಾಂಬಿಕೆ ನೀಲಾಂಬಿಕೆಯರೊಡನೆ ಗೃಹಸ್ಥಜೀವನ, ಅತ್ತ ಮಹಾಮನೆಗೆ ಬರುವ ಜಂಗಮರ ಉಪಚಾರ. ಇವೆಲ್ಲವನ್ನೂ ಅವರು ಒಂದೇ ಮನಸ್ಸಿನಿಂದ ನಡೆಸಿದರು.

ಇಷ್ಟು ಜನರಿಗೆ ನಿತ್ಯವೂ ದಾಸೋಹ ನಡೆಯುತ್ತಿರುವಾಗ ಸಂಶಯಪಡುವವರು ಹುಟ್ಟದಿರುತ್ತಾರೆಯೆ? ಭಂಡಾರಿಯು ರಾಜನ ಹೊನ್ನನ್ನು ತನ್ನ ಭಕ್ತರಿಗೆ ಸುರಿಯುತ್ತಿದ್ದಾನೆಂದು ಅಸೂಯಾಪರರು ಬಿಜ್ಜಳನ ಕಿವಿಯಲ್ಲಿ ಹೇಳಿದರು. ಪಾಲ್ಕುರಿಕೆ ಸೋಮನಾಥನ ಬಸವಪುರಾಣದಲ್ಲಿಯೂ, ಅದನ್ನನುಸರಿಸಿ ಭೀಮಕವಿಯು 1369ರಲ್ಲಿ ಕನ್ನಡದಲ್ಲಿ ರಚಿಸಿದ ಪುರಾಣದಲ್ಲಿಯೂ ಈ ಅಪವಾದದ ಪ್ರಸಂಗವು ಬರುತ್ತದೆ. ಬಸವಣ್ಣನವರು ಭಂಡಾರದ ಬಾಗಿಲನ್ನು ತೆರೆದು, ಲೆಕ್ಕವನ್ನು ಮುಂದಿಟ್ಟು, ಎಣಿಸಿ ನೋಡುವಂತೆ ಬಿನ್ನವಿಸಿದರು. ಎಣಿಸಿದಾಗ ಒಂದು ಹೊನ್ನೂ ಕಡಮೆಯಾಗಿರಲಿಲ್ಲ. ಪುರಾಣಕಾರರು ಇದನ್ನು ಶಿವನ ಮಹಿಮೆಯೆಂದು ವರ್ಣಿಸಿದರು. ಮಹಿಮೆಯನ್ನು ನಂಬುವ ಭಕ್ತನು ಇದರಲ್ಲಿರುವ ನೀತಿಯನ್ನೂ ಕಾಣಬೇಕು. ಸತ್ಕಾರ್ಯಕ್ಕಾಗಿ ಎಂಬ ನೆವದಿಂದಲೂ ಪರರ ಧನವನ್ನು ಮುಟ್ಟಲಾಗದು. ದಾಸೋಹವು ನಡೆಯಬೇಕಾದುದು ತನ್ನ ದುಡಿಮೆಯಿಂದ. ಲೆಕ್ಕವನ್ನು ಕೇಳಿದಾಗ ಕೋಪಿಸಿಕೊಳ್ಳದೆ ತೆರೆದು ತೋರಿಸುವುದೂ ಭಕ್ತಿಯ ಒಂದು ಅಂಗವೇ.

ಕಲ್ಯಾಣದಲ್ಲಿ ಬಸವಣ್ಣನವರು ಪ್ರತಿಪಾದಿಸಿದ ಕಾಯಕ ದಾಸೋಹಗಳ ತತ್ತ್ವವನ್ನು ಬಲ್ಲವರೇ ಎಲ್ಲರೂ. ದೇಹವಿದ್ದವನು ದುಡಿಯಬೇಕು, ದುಡಿಮೆಯು ಸತ್ಯಶುದ್ಧವಾಗಿರಬೇಕು, ದುಡಿಮೆಗಳಲ್ಲಿ ಮೇಲು ಕೀಳೆಂಬುದಿಲ್ಲ, ಬಂದ ಫಲದಲ್ಲಿ ತನ್ನ ಅವಶ್ಯಕತೆಯನ್ನು ಮೀರಿದುದು ಸಮಾಜರೂಪಿಯಾದ ಜಂಗಮಕ್ಕೆ ಸಲ್ಲಬೇಕು. ದಾನಕ್ಕೂ ದಾಸೋಹಕ್ಕೂ ಇರುವ ಅಂತರ ಇಲ್ಲಿಯೇ ಇದೆ. ದಾನಿಯು ತನ್ನದೆಂದು ತಿಳಿದು ಕೊಡುತ್ತಾನೆ; ದಾಸೋಹಿಯು ಕೊಡುವಾಗ ಅದು ತನ್ನದೆಂಬ ಭಾವವನ್ನೇ ಬಿಡುತ್ತಾನೆ. ಈ ತತ್ತ್ವವನ್ನು ಬಸವಣ್ಣನವರು ಬೋಧಿಸಿದರೆಂದು ಹೇಳಿ ನಿಲ್ಲಿಸಿದರೆ ಕಥೆಯ ಅರ್ಧವನ್ನು ಮಾತ್ರ ಹೇಳಿದಂತಾಗುವುದು. ಭಂಡಾರಿಯಾದ ಅವರಿಗೇ ಬಡ ಕಾಯಕಜೀವಿಗಳು ಈ ತತ್ತ್ವದ ಆಳವನ್ನು ತೋರಿಸಿಕೊಟ್ಟರೆಂಬುದು ಉಳಿದರ್ಧ. ಶರಣಪರಂಪರೆಯು ಇದನ್ನು ಮುಚ್ಚಿಡದೆ ಕಾಪಾಡಿಕೊಂಡು ಬಂದಿರುವುದು ಅದರ ಹಿರಿಮೆ.

ಅಮರೇಶ್ವರದಿಂದ ಬಂದ ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಪತ್ನಿ ಲಕ್ಕಮ್ಮನವರೊಡನೆ ದಾಸೋಹ ನಡೆಸುತ್ತಿದ್ದರು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಪರೀಕ್ಷಿಸಲೆಂದು ಬಸವಣ್ಣನವರೇ ಹೆಚ್ಚು ಚೆಲ್ಲಿಸಿದ್ದರೆಂದೂ ಪ್ರತೀತಿಯುಂಟು. ಲಕ್ಕಮ್ಮನವರು ಅದನ್ನು ಕಂಡೊಡನೆ, ಅಂದಿಗೆ ಬೇಕಾದುದಕ್ಕಿಂತ ಮಿಗಿಲಾದುದು ಭಕ್ತರ ಮನೆಗೆ ಸಲ್ಲದೆಂದು ಹೇಳಿ, ಹೆಚ್ಚಿನ ಅಕ್ಕಿಯನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದರು. ಮಾರಯ್ಯನವರು ಕದ್ದಿರಲಿಲ್ಲ, ಯಾರನ್ನೂ ವಂಚಿಸಿರಲಿಲ್ಲ. ಆದರೂ ದುಡಿಮೆಯ ಎಲ್ಲೆಯನ್ನು ದಾಟಿ ಆಸೆಯು ಒಳಹೊಕ್ಕಿತೆಂಬುದನ್ನು ಆ ತಾಯಿ ಗುರುತಿಸಿದರು.

ಶಿವಣಿಗೆಯ ನುಲಿಯ ಚಂದಯ್ಯನವರ ಪ್ರಸಂಗವು ಇದಕ್ಕಿಂತಲೂ ಸೂಕ್ಷ್ಮವಾದುದು. ಅವರು ಹುಲ್ಲನ್ನು ಕೊಯ್ದು ಹಗ್ಗ ಹೊಸೆದು ಮಾರಿ ಜಂಗಮಸೇವೆ ಮಾಡುತ್ತಿದ್ದವರು. ಲಿಂಗಯ್ಯನೇ ಅವರ ಕಾಯಕಕ್ಕೆ ನೆರವಾಗಿ ಹಗ್ಗವನ್ನು ಮಾರಲು ಹೋದಾಗ, ಬಸವಣ್ಣನವರು ಭಕ್ತಿಪರವಶರಾಗಿ ಅದಕ್ಕೆ ಬೆಲೆಗೆ ಮೀರಿದ ಹೊನ್ನನ್ನು ಕೊಟ್ಟರೆಂದು ಶೂನ್ಯಸಂಪಾದನೆಯ ಪರಂಪರೆಯು ಹೇಳುತ್ತದೆ. ಚಂದಯ್ಯನವರು ಅದನ್ನು ಒಪ್ಪಲಿಲ್ಲ. ಹಗ್ಗಕ್ಕೆ ಹಗ್ಗದ ಬೆಲೆಯೇ ಸಲ್ಲಬೇಕು. ಹೆಚ್ಚಾಗಿ ಬಂದುದು ಕಾಯಕದ ಫಲವಾಗಲಾರದು. ಮೋಳಿಗೆಯ ಮಾರಯ್ಯನವರು ಕಟ್ಟಿಗೆ ಮಾರಿ ಜೀವಿಸುತ್ತಿದ್ದರು. ಬಸವಣ್ಣನವರು ಅವರ ಮನೆಯಲ್ಲಿ ಗುಪ್ತವಾಗಿ ಪ್ರಸಾದವನ್ನು ಸ್ವೀಕರಿಸಿ ಹೊನ್ನನ್ನು ಇಟ್ಟು ಬಂದಾಗ, ಅವರು ಅದನ್ನು ತಮಗೆಂದು ಇಟ್ಟುಕೊಳ್ಳದೆ ಜಂಗಮರಿಗೆ ಹಂಚಿಬಿಟ್ಟರು. ಬಡವನಿಗೆ ಬೇಕಾದುದು ಸಿರಿವಂತನ ಕರುಣೆಯಲ್ಲ, ತನ್ನ ಶ್ರಮಕ್ಕೆ ತಕ್ಕ ಬೆಲೆ ಮತ್ತು ಆ ಶ್ರಮಕ್ಕೆ ಸಲ್ಲುವ ಗೌರವ ಎಂಬುದನ್ನು ಈ ಇಬ್ಬರೂ ತೋರಿಸಿದರು. ಹಗ್ಗ ಹೊಸೆಯುವವರ ಮಾತಿಗೂ ಕಟ್ಟಿಗೆ ಮಾರುವವರ ನಡತೆಗೂ ಬಸವಣ್ಣನವರು ತಲೆಬಾಗಿದರು. ಆ ವಿನಯದಿಂದಲೇ ಅವರು ಭಕ್ತಿಭಂಡಾರಿಗಳೆನಿಸಿದರು.

ಮುಂದೆ ಕಲ್ಯಾಣದಲ್ಲಿ ಬಂದೊದಗಿದ ವಿಪತ್ತು ಎಲ್ಲರಿಗೂ ತಿಳಿದುದೇ. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ನಡೆದ ವಿವಾಹವನ್ನು ಸಹಿಸದವರ ದೂರಿಗೆ ಬಿಜ್ಜಳನು ಕಿವಿಗೊಟ್ಟನು. ಶರಣರಿಗೆ ಘೋರ ಶಿಕ್ಷೆಯಾಯಿತು. ಭಂಡಾರಿಯ ಪದವಿಯೂ ಮಹಾಮನೆಯ ವೈಭವವೂ ಉಳಿಯಬೇಕಾದರೆ ಬಸವಣ್ಣನವರು ಸಮಾನತೆಯ ತತ್ತ್ವವನ್ನು ಸಡಿಲಿಸಿದ್ದರೆ ಸಾಕಾಗಿತ್ತು. ಅವರು ತತ್ತ್ವವನ್ನು ಉಳಿಸಿಕೊಂಡು ಪದವಿಯನ್ನು ಬಿಟ್ಟರು. ಬಂದ ದಾರಿಯಲ್ಲಿಯೇ ಕೂಡಲಸಂಗಮಕ್ಕೆ ಹಿಂದಿರುಗಿ, 1167ರ ಸುಮಾರಿನಲ್ಲಿ ಅಲ್ಲಿಯೇ ಲಿಂಗೈಕ್ಯರಾದರು.

ಈ ಜೀವನವನ್ನು ಇಂದಿನ ಬಂಡವಾಳದ ಯುಗದಲ್ಲಿ ನೆನೆಯುವಾಗ ಒಂದು ಹೋಲಿಕೆ ಉಪಯುಕ್ತವಾದೀತು. ಜರ್ಮನಿಯ ವಿದ್ವಾಂಸ ಮ್ಯಾಕ್ಸ್ ವೆಬರನು 1904-05ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಯುರೋಪಿನ ಪ್ರಾಟೆಸ್ಟಂಟರು ಲೌಕಿಕ ವೃತ್ತಿಯನ್ನೇ ದೈವದ ಕರೆಯೆಂದು ತಿಳಿದು ಶ್ರಮಪಟ್ಟು ದುಡಿದುದೂ, ಭೋಗಕ್ಕೆ ವ್ಯಯಮಾಡದೆ ಉಳಿಸಿದುದೂ ಬಂಡವಾಳದ ಬೆಳವಣಿಗೆಗೆ ನೆರವಾಯಿತೆಂದು ಪ್ರತಿಪಾದಿಸಿದನು. ಕಾಯಕತತ್ತ್ವವು ಅದಕ್ಕಿಂತ ಶತಮಾನಗಳ ಹಿಂದೆಯೇ ವೃತ್ತಿಯನ್ನು ಪೂಜೆಯ ಮಟ್ಟಕ್ಕೆ ಏರಿಸಿತ್ತು. ಎರಡರಲ್ಲಿಯೂ ಶ್ರಮವುಂಟು, ಮಿತವ್ಯಯವುಂಟು. ಆದರೆ ಮಿಕ್ಕ ಹಣದ ಗತಿಯಲ್ಲಿ ಭೇದವುಂಟು. ವೆಬರನು ವರ್ಣಿಸಿದ ಮಾರ್ಗದಲ್ಲಿ ಮಿಕ್ಕುದು ಕೂಡಿ ಇನ್ನೂ ಹೆಚ್ಚಿನ ಗಳಿಕೆಗೆ ಮೂಲವಾಗುತ್ತದೆ. ಶರಣಮಾರ್ಗದಲ್ಲಿ ಮಿಕ್ಕುದು ಹರಿದು ಸಮಾಜವನ್ನು ಸೇರುತ್ತದೆ.

ಹಾಗಾದರೆ ಮುಂದಿನ ವ್ಯಾಪಾರಕ್ಕೆ ಮೂಲಧನವೆಲ್ಲಿಯದು ಎಂದು ವರ್ತಕನು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ನಾಳೆ ಗೂಡು ಕೊಳ್ಳಲು ಹಣವಿಲ್ಲದಿದ್ದರೆ ನೂಲು ಬಿಚ್ಚುವವನ ಒಲೆ ಆರುತ್ತದೆ. ಅವನನ್ನು ನೆಚ್ಚಿದ ಕೂಲಿಕಾರರೂ ಉಪವಾಸ ಬೀಳುತ್ತಾರೆ. ಬಸವಣ್ಣನವರು ಧನವನ್ನು ದ್ವೇಷಿಸಲಿಲ್ಲ. ಬೊಕ್ಕಸವನ್ನು ತುಂಬಿರಿಸಿ ಕಾಯುವುದೇ ಅವರ ಕಾಯಕವಾಗಿತ್ತು. ನೇಗಿಲು ಎತ್ತುಗಳಂತೆ ಕಾಯಕಕ್ಕೆ ಬೇಕಾದ ಮೂಲಧನವೂ ಕಾಯಕದ ಸಾಧನವೇ. ಆ ಧನವು ದುಡಿಯುವವರನ್ನು ಸಾಕುವುದನ್ನು ಬಿಟ್ಟು ತನ್ನನ್ನು ತಾನೇ ಬೆಳೆಸಿಕೊಳ್ಳತೊಡಗಿದಾಗ ಲಕ್ಕಮ್ಮನವರ ಎಚ್ಚರಿಕೆಯು ಬೇಕಾಗುತ್ತದೆ. ಆ ಎಲ್ಲೆಯನ್ನು ರಾಜಶಾಸನವು ಪೂರ್ತಿಯಾಗಿ ಗೆರೆಯೆಳೆದು ತೋರಿಸಲಾರದು. ಪ್ರತಿಯೊಬ್ಬನೂ ತನ್ನ ಅಂತರಂಗದಲ್ಲಿ ಅದನ್ನು ಕಂಡುಕೊಳ್ಳಬೇಕು.

ಈ ಸೀಮೆಯ ವೃತ್ತಿಗಳಿಂದಲೇ ಇದನ್ನು ತಿಳಿಯಬಹುದು. ಚಂದ್ರಿಕೆಯಿಂದ ಬಿಡಿಸಿದ ಗೂಡನ್ನು ರೈತನು ಬಹುದಿನ ಇಟ್ಟುಕೊಳ್ಳಲಾರನು. ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ಸೀಳಿ ಹೊರಬಂದರೆ ಎಳೆ ತುಂಡಾಗಿ ಬೆಳೆ ನಿಷ್ಫಲವಾಗುತ್ತದೆ. ಬಂದ ಬೆಲೆಗೆ ಮಾರಲೇಬೇಕಾದ ಈ ಅನಿವಾರ್ಯತೆಯೇ ಕೊಳ್ಳುವವನಿಗೆ ಪ್ರಲೋಭನ. ಗೂಡಿನ ಮಾರಾಟವು ಸರ್ಕಾರದ ಮಾರುಕಟ್ಟೆಯಲ್ಲಿ ಬಹಿರಂಗವಾಗಿ ನಡೆಯಬೇಕೆಂದು 1959ರ ರೇಷ್ಮೆ ಕಾಯಿದೆಯು ವಿಧಿಸಿದೆ. ಕಾಯಿದೆಯು ತಕ್ಕಡಿಯನ್ನು ಕಾಯಬಲ್ಲದು. ತಕ್ಕಡಿಯನ್ನು ಹಿಡಿದವನ ಮನಸ್ಸನ್ನು ಕಾಯುವುದು ಭಕ್ತಿಯ ಕೆಲಸ. ರೈತನ ಕಷ್ಟವನ್ನು ತನ್ನ ಲಾಭವೆಂದು ಎಣಿಸದ ವರ್ತಕನು ಚಂದಯ್ಯನವರ ನ್ಯಾಯವಾದ ಬೆಲೆಯನ್ನು ಕೊಳ್ಳುವವನ ಕಡೆಯಿಂದ ಪಾಲಿಸಿದಂತೆ. ಚನ್ನಪಟ್ಟಣದಲ್ಲಿ ಆಲೆಮರವನ್ನು ಕಡೆದು ಅರಗಿನ ಬಣ್ಣವೇರಿಸುವ ಕುಶಲಿಯು, ತನ್ನ ಬೊಂಬೆ ಯಾವುದೋ ಮನೆಯ ಕೂಸಿನ ಬಾಯಿಗೆ ಹೋಗುವುದೆಂಬುದನ್ನು ನೆನೆದು ನಿರಪಾಯವಾದ ಬಣ್ಣವನ್ನೇ ಬಳಸಿದರೆ, ಕಾಣದ ಆ ಕೂಸಿಗೆ ಆತನು ಮಾಡಿದ ಸೇವೆ ಜಂಗಮಸೇವೆಗೆ ಕಡಮೆಯಾದುದಲ್ಲ.

ಇದು ಹಳೆಯ ಕಾಲಕ್ಕೆ ಮಾತ್ರ ಸಲ್ಲುವ ಆದರ್ಶವೆಂದು ಸಂದೇಹಿಸಬೇಕಾಗಿಲ್ಲ. ಮಾಗಡಿ ತಾಲ್ಲೂಕಿನ ವೀರಾಪುರದ ಒಕ್ಕಲುಮನೆಯಲ್ಲಿ 1907ರಲ್ಲಿ ಜನಿಸಿದ ಶ್ರೀ ಶಿವಕುಮಾರ ಮಹಾಸ್ವಾಮಿಗಳು, 2019ರಲ್ಲಿ ಲಿಂಗೈಕ್ಯರಾಗುವವರೆಗೆ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಜಾತಿಭೇದವಿಲ್ಲದೆ ಅನ್ನವನ್ನೂ ಅಕ್ಷರವನ್ನೂ ನಿತ್ಯ ಉಣಬಡಿಸಿದರು. ಆ ದಾಸೋಹಕ್ಕೆ ರೈತರು ಹೊಲದ ರಾಗಿಯನ್ನೂ ವರ್ತಕರು ಅಂಗಡಿಯ ದವಸವನ್ನೂ ಭಕ್ತಿಯಿಂದ ತಂದೊಪ್ಪಿಸುತ್ತಿದ್ದರು. ಕಲ್ಯಾಣದ ಮಹಾಮನೆಯ ಒಲೆಯು ಆರಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕೆ?

ಹೀಗೆ ಅರ್ಥಶುದ್ಧಿಗೆ ಮೂರು ಬಾಗಿಲುಗಳು. ಬರುವಾಗ ಧನವು ಸತ್ಯದ ಬಾಗಿಲಿನಿಂದ ಬರಬೇಕು, ನಿಲ್ಲುವಾಗ ಮಿತಿಯ ಎಲ್ಲೆಯೊಳಗೆ ನಿಲ್ಲಬೇಕು, ಹೋಗುವಾಗ ತನ್ನದೆಂಬ ಭಾವವಿಲ್ಲದೆ ಹೋಗಬೇಕು. ಮೂರನೆಯ ಬಾಗಿಲನ್ನು ಅಲಂಕರಿಸಿ ಮೊದಲ ಬಾಗಿಲನ್ನು ಮರೆತ ಗೃಹಸ್ಥನ ದಾನವು, ಎಷ್ಟೇ ದೊಡ್ಡದಾದರೂ, ದಾಸೋಹವೆನಿಸದು. ರಾತ್ರಿ ಅಂಗಡಿಯ ಬಾಗಿಲು ಮುಚ್ಚುವ ಮೊದಲು ಪುಸ್ತಕದಲ್ಲಿ ಲೆಕ್ಕ ಬರೆಯುವ ಪ್ರತಿಯೊಬ್ಬ ಸದ್ಭಕ್ತನೂ, ಆ ಲೆಕ್ಕವನ್ನು ಯಾರು ಕೇಳಿದರೂ ತೆರೆದು ತೋರಿಸುವಂತಿದ್ದರೆ, ಅಂದು ಬಿಜ್ಜಳನ ಮುಂದೆ ಭಂಡಾರದ ಬಾಗಿಲನ್ನು ತೆರೆದ ಬಸವಣ್ಣನವರ ಮಾರ್ಗದಲ್ಲಿಯೇ ನಡೆದವನಾಗುತ್ತಾನೆ.