ಚಾಸರನನ್ನು ಶಾಲೆಗೆ ಕರೆತಂದ ಗಣಿತದ ಮೇಷ್ಟರು

ಗಂಟಲು ಕೈಕೊಡದೆ ಇದ್ದಿದ್ದರೆ ವಾಲ್ಟರ್ ವಿಲಿಯಂ ಸ್ಕೀಟ್ ಬಹುಶಃ ಇಂಗ್ಲೆಂಡಿನ ಯಾವುದೋ ಸಣ್ಣ ಊರಿನಲ್ಲಿ ಪಾದ್ರಿಯಾಗಿಯೇ ಉಳಿದುಬಿಡುತ್ತಿದ್ದರು. 1835ರ ನವೆಂಬರ್ 21ರಂದು ಲಂಡನ್ನಿನಲ್ಲಿ ಜನಿಸಿದ ಅವರು ಕೇಂಬ್ರಿಜ್‌ನ ಕ್ರೈಸ್ಟ್ಸ್ ಕಾಲೇಜಿನಲ್ಲಿ ಗಣಿತ ಓದಿ, 1858ರ ಪರೀಕ್ಷೆಯಲ್ಲಿ 14ನೆಯ ಸ್ಥಾನ ಗಳಿಸಿದ್ದರು. ಬಳಿಕ ಈಸ್ಟ್ ಡೀರಮ್ ಹಾಗೂ ಗೊಡಾಲ್ಮಿಂಗ್‌ನಲ್ಲಿ ಸಹಾಯಕ ಪಾದ್ರಿಯಾದರು. ಗಂಟಲಿನ ತೀವ್ರ ಕಾಯಿಲೆ ಆ ವೃತ್ತಿಗೆ ತೆರೆ ಎಳೆಯಿತು. 1864ರಲ್ಲಿ ಅವರು ಗಣಿತದ ಅಧ್ಯಾಪಕರಾಗಿ ತಮ್ಮ ಕಾಲೇಜಿಗೇ ಮರಳಿದರು.

ಅದೇ ವರ್ಷ ಫ್ರೆಡರಿಕ್ ಫರ್ನಿವಾಲ್, ಹಸ್ತಪ್ರತಿಗಳಲ್ಲೇ ಹುದುಗಿದ್ದ ಹಳೆಯ ಇಂಗ್ಲಿಷ್ ಕೃತಿಗಳನ್ನು ಅಚ್ಚಿಗೆ ತರಲು ಒಂದು ಸಂಘ ಕಟ್ಟಿದ್ದರು. ಲಾನ್ಸಲಾಟ್‌ನ ಕಥೆ ಹೇಳುವ ಸ್ಕಾಟ್ಸ್ ಕಾವ್ಯವೊಂದನ್ನು ಸಂಪಾದಿಸಿಕೊಡುವಂತೆ ಅವರು ಸ್ಕೀಟರನ್ನು ಕೇಳಿದರು. ಹಳೆಯ ಲಿಪಿ ಓದಲು ತಮಗೆ ಬಾರದು ಎಂದು ಸ್ಕೀಟ್ ಹಿಂಜರಿದರೂ ಫರ್ನಿವಾಲ್ ಬಿಡಲಿಲ್ಲ. ಹಸ್ತಪ್ರತಿ ಕೇಂಬ್ರಿಜ್ ಗ್ರಂಥಾಲಯದಲ್ಲಿಯೇ ಇತ್ತು. ಅದನ್ನು ನೋಡುತ್ತಲೇ ಸ್ಕೀಟ್ ಓದಲು ಕಲಿತರು. 1865ರಲ್ಲಿ ಪುಸ್ತಕ ಹೊರಬಂತು.

ಆ ಕಾಲದ ಇಂಗ್ಲೆಂಡಿನ ಪ್ರತಿಷ್ಠಿತ ಶಾಲೆಗಳಲ್ಲಿ ಕಾವ್ಯವೆಂದರೆ ಲ್ಯಾಟಿನ್ ಮತ್ತು ಗ್ರೀಕ್. ಸ್ವಂತ ಭಾಷೆಯ ಹಳೆಯ ಕವಿಗಳಿಗೆ ಅಲ್ಲಿ ಹೆಚ್ಚಿನ ಸ್ಥಾನವಿರಲಿಲ್ಲ. ಕಲಿಸಬೇಕೆಂದು ಮನಸ್ಸು ಮಾಡಿದ ಶಿಕ್ಷಕರಿಗೂ ತಕ್ಕ ಪಠ್ಯ ದೊರೆಯುವುದು ಕಷ್ಟವಿತ್ತು. 14ನೆಯ ಶತಮಾನದ ಚಾಸರನನ್ನು ಇಂದಿನ ಉಚ್ಚಾರಣೆಯಲ್ಲಿ ಓದಿದರೆ ಛಂದಸ್ಸು ಕುಂಟುತ್ತದೆ. ಪದದ ಕೊನೆಯಲ್ಲಿ ಈಗ ಮೌನವಾಗಿರುವ ‘ಇ’ ಅಕ್ಷರವನ್ನು ಆಗ ಅನೇಕ ಕಡೆ ಉಚ್ಚರಿಸುತ್ತಿದ್ದರು. ಕಾಗುಣಿತ ಬೇರೆ, ಎಷ್ಟೋ ಪದಗಳ ಅರ್ಥವೂ ಬೇರೆ. ಹಳಗನ್ನಡ ಪದ್ಯವನ್ನು ಶಾಲೆಯಲ್ಲಿ ಎದುರಿಸಿದವರಿಗೆ ಈ ತೊಡಕು ಹೊಸದೇನಲ್ಲ.

ಆಕ್ಸ್‌ಫರ್ಡ್‌ನ ಕ್ಲಾರೆಂಡನ್ ಮುದ್ರಣಾಲಯ 1867ರಲ್ಲಿ ರಿಚರ್ಡ್ ಮಾರಿಸ್ ಸಂಪಾದಿಸಿದ ಚಾಸರನ ಆಯ್ದ ಭಾಗಗಳನ್ನು ಪ್ರಕಟಿಸಿತು. ಎರಡು ವರ್ಷದ ನಂತರ ಸ್ಕೀಟರ ಸರದಿ. ಅವರು ಆರಿಸಿಕೊಂಡದ್ದು ಲ್ಯಾಂಗ್ಲೆಂಡ್‌ನ ‘ಪಿಯರ್ಸ್ ಪ್ಲೌಮನ್’. ಉಳುವ ರೈತನೊಬ್ಬನನ್ನು ಸತ್ಯದ ದಾರಿ ಬಲ್ಲವನೆಂದು ನಿಲ್ಲಿಸುವ ಈ ಕಾವ್ಯದ ಪ್ರತಿಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಸ್ಕೀಟ್ ಹಸ್ತಪ್ರತಿಗಳನ್ನು ಪಕ್ಕಪಕ್ಕ ಇರಿಸಿ ಹೋಲಿಸಿ, ಅದಕ್ಕೆ ಮೂರು ಭಿನ್ನ ಪಾಠಗಳಿವೆಯೆಂದು ವಿಂಗಡಿಸಿದರು. ಎರಡನೆಯ ಪಾಠದ ಮುನ್ನುಡಿ ಮತ್ತು ಮೊದಲ ಏಳು ಭಾಗಗಳು ಟಿಪ್ಪಣಿ, ಪದಕೋಶಗಳೊಂದಿಗೆ 1869ರಲ್ಲಿ ವಿದ್ಯಾರ್ಥಿಗಳ ಕೈಸೇರಿದವು. ವಿದ್ವಾಂಸರಿಗೆಂದು ಮಾಡಿದ ಶ್ರಮದ ಫಲ ಅಷ್ಟು ಬೇಗ ಮಕ್ಕಳ ಮೇಜಿಗೆ ಬಂದದ್ದೇ ವಿಶೇಷ.

1874 ಮತ್ತು 1877ರಲ್ಲಿ ಅವರು ಚಾಸರನ ‘ಕ್ಯಾಂಟರ್ಬರಿ ಕಥೆಗಳು’ ಕೃತಿಯ ಮತ್ತಷ್ಟು ಭಾಗಗಳನ್ನು ಇದೇ ಮಾದರಿಯಲ್ಲಿ ಸಿದ್ಧಪಡಿಸಿದರು. ಆ ಆಯ್ಕೆ ಇಂದು ಪ್ರಶ್ನಾರ್ಹವೆನಿಸುತ್ತದೆ. ಪೋಲಿ ಹಾಸ್ಯದ ಗಿರಣಿಗಾರನ ಕಥೆಗೆ ಅವುಗಳಲ್ಲಿ ಎಡೆ ಸಿಗಲಿಲ್ಲ. ಆದರೆ ಯಹೂದಿಗಳನ್ನು ಶಿಶುಹಂತಕರೆಂದು ಚಿತ್ರಿಸುವ ಸನ್ಯಾಸಿನಿಯ ಕಥೆ ಸಲೀಸಾಗಿ ಒಳಬಂತು. ಮಕ್ಕಳಿಗೆ ಯಾವುದು ಅಪಾಯಕಾರಿ ಎಂಬ ವಿಕ್ಟೋರಿಯಾ ಯುಗದ ಲೆಕ್ಕಾಚಾರ ಹಾಗಿತ್ತು. ಸ್ಕೀಟರೂ ಅದಕ್ಕೆ ಹೊರತಾಗಿರಲಿಲ್ಲ.

1878ರಲ್ಲಿ ಅವರು ಕೇಂಬ್ರಿಜ್‌ನ ಆಂಗ್ಲೋ-ಸ್ಯಾಕ್ಸನ್ ಪೀಠದ ಮೊದಲ ಪ್ರಾಧ್ಯಾಪಕರಾದರು. 1882ರಲ್ಲಿ ಪೂರ್ಣಗೊಂಡ ವ್ಯುತ್ಪತ್ತಿ ಕೋಶವನ್ನು ರಚಿಸುವಾಗ, ಎಷ್ಟೇ ಕಠಿಣ ಪದವಾದರೂ ಸಾಮಾನ್ಯವಾಗಿ ಮೂರು ಗಂಟೆಗಿಂತ ಹೆಚ್ಚು ಕೂರಬಾರದೆಂಬ ನಿಯಮ ಹಾಕಿಕೊಂಡಿದ್ದರಂತೆ. ಗಣಿತದವರ ಶಿಸ್ತು! 1894ರಲ್ಲಿ ಚಾಸರನ ಸಮಗ್ರ ಕೃತಿಗಳು ಆರು ಸಂಪುಟಗಳಲ್ಲಿ ಬಂದವು. ಅಷ್ಟಕ್ಕೇ ಸುಮ್ಮನಾಗದೆ, ಮರುವರ್ಷವೇ ವಿದ್ಯಾರ್ಥಿಗಳಿಗಾಗಿ ಅದನ್ನು ಒಂದೇ ಸಂಪುಟಕ್ಕೆ ಇಳಿಸಿದರು.

1912ರ ಅಕ್ಟೋಬರ್ 6ರಂದು ಸ್ಕೀಟ್ ಕೇಂಬ್ರಿಜ್‌ನಲ್ಲಿ ನಿಧನರಾದರು. ಅವರು 1869ರಲ್ಲಿ ಸಿದ್ಧಪಡಿಸಿದ ಪುಟ್ಟ ‘ಪಿಯರ್ಸ್ ಪ್ಲೌಮನ್’ ಆ ಬಳಿಕವೂ ಮರುಮುದ್ರಣಗೊಳ್ಳುತ್ತಲೇ ಇತ್ತು.