ಕಾಲವನ್ನು ಗೆದ್ದ ನಗೆ: ದಿವಂಗತ ಬಾಲಕೃಷ್ಣರು

ನಗೆಗೆ ಆಯುಸ್ಸು ಅಲ್ಪವೆಂಬುದು ಲೋಕದ ಸಾಮಾನ್ಯ ಅನುಭವ. ಶೋಕದ ಕಥೆಯು ತಲೆಮಾರುಗಳನ್ನು ದಾಟಿ ಬರುವುದು; ಹಾಸ್ಯವಾದರೋ ತಾನು ಹುಟ್ಟಿದ ಕಾಲದ ಹೊಸ್ತಿಲನ್ನು ದಾಟಲೂ ತಡವರಿಸುವುದು. ಅಜ್ಜನನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದ ಮಾತು ಮೊಮ್ಮಗನಿಗೆ ಅರ್ಥವೇ ಆಗದೆ ಹೋಗುವುದುಂಟು. ಹೀಗಿರಲು, ಚಿತ್ರಸುರುಳಿಯಲ್ಲಿ ಉಳಿದುಬಂದ ಹಾಸ್ಯವು ಮುಂದಿನವರನ್ನೂ ನಗಿಸಬಲ್ಲುದೆ? ಇದನ್ನು ವಿಚಾರಿಸಲು ಕಟ್ಟಾಯದ ವಾಚಕರು ಜಿಲ್ಲೆಯ ಗಡಿಯನ್ನು ದಾಟಬೇಕಾದುದಿಲ್ಲ. ಟಿ. ಎನ್. ಬಾಲಕೃಷ್ಣರು ಹಾಸನ ಜಿಲ್ಲೆಯ ಅರಸೀಕೆರೆಯಲ್ಲಿ ಜನಿಸಿದವರು.

ಅವರಿಗೆ ಪ್ರಾಪ್ತವಾದ ಪಿತ್ರಾರ್ಜಿತವೆಂದರೆ ಬಡತನವೊಂದೇ. ಅದರ ಜತೆಗೆ ಕಿವುಡುತನವೂ ಸೇರಿಕೊಂಡಿತು. ನಟನಾಗಬಯಸುವವನಿಗೆ, ಅದರಲ್ಲಿಯೂ ಹಾಸ್ಯನಟನಿಗೆ, ಇದಕ್ಕಿಂತ ದೊಡ್ಡ ಅಡ್ಡಿ ಬೇರೊಂದಿರಲಾರದು. ಹಾಸ್ಯದ ಜೀವಾಳವಿರುವುದು ಮಾತಿಗೆ ಮಾತು ಕೊಡುವುದರಲ್ಲಿ; ಆ ಮಾತು ಅರೆಕ್ಷಣ ತಡವಾದರೂ ನಗೆಯು ಸತ್ತುಹೋಗುವುದು. ಎದುರಿನವರ ಮಾತನ್ನು ಕಿವಿಯಿಂದ ಹಿಡಿಯಲಾರದ ಬಾಲಕೃಷ್ಣರು ಅದನ್ನು ಕಣ್ಣಿನಿಂದ ಹಿಡಿದರು. ತುಟಿಗಳ ಚಲನೆಯನ್ನು ನೋಡಿಯೇ ತಮ್ಮ ಸರದಿಯನ್ನು ಅರಿತರು. ರಂಗಭೂಮಿಯಲ್ಲಿ ಪಳಗಿ, 1943ರಲ್ಲಿ ‘ರಾಧಾರಮಣ’ ಚಿತ್ರದ ಮೂಲಕ ಬೆಳ್ಳಿತೆರೆಗೆ ಬಂದು, ಐದು ನೂರಕ್ಕೂ ಮಿಕ್ಕಿದ ಚಿತ್ರಗಳಲ್ಲಿ ಅಭಿನಯಿಸಿದರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನಾಟಕದ ನಟನು ಸಭಿಕರ ನಗೆಯನ್ನು ಕೇಳಿ, ಅದು ಅಡಗುವವರೆಗೆ ಕಾದು, ಮುಂದಿನ ಮಾತನ್ನಾಡುವನು. ಚಿತ್ರದ ನಟನಿಗೆ ಆ ಸೌಕರ್ಯವಿಲ್ಲ. ಅವನ ಮುಂದಿರುವುದು ಯಂತ್ರ, ಅದು ನಗುವುದಿಲ್ಲ. ಕಾಣದ ಊರಿನ, ಇನ್ನೂ ಹುಟ್ಟದ ಜನರನ್ನು ಅವನು ನಗಿಸಬೇಕು. ನಗೆಯ ಸದ್ದನ್ನು ನೆಮ್ಮದೆ ನಗಿಸುವ ಈ ವಿದ್ಯೆಯನ್ನು ಬಾಲಕೃಷ್ಣರಿಗೆ ಅವರ ಕೊರತೆಯೇ ಕಲಿಸಿತೆಂದು ನಾವು ಭಾವಿಸುತ್ತೇವೆ.

ತಿಪಟೂರಿನ ನರಸಿಂಹರಾಜರೊಡನೆ ಅವರು ಕೂಡಿದ ದೃಶ್ಯಗಳು ಕನ್ನಡಿಗರ ಮನೆಮಾತಾದುವು. ಆ ಗೆಳೆತನವು ನಟನೆಯಲ್ಲಿಯೇ ಮುಗಿಯಲಿಲ್ಲ. ಕನ್ನಡ ಚಿತ್ರರಂಗವು ಕಷ್ಟದಲ್ಲಿದ್ದಾಗ ರಾಜಕುಮಾರ್, ಜಿ. ವಿ. ಅಯ್ಯರ್, ನರಸಿಂಹರಾಜು, ಬಾಲಕೃಷ್ಣ ಈ ನಾಲ್ವರು ಕಲಾವಿದರ ಸಂಘವನ್ನು ಕಟ್ಟಿ, ಊರೂರುಗಳಲ್ಲಿ ನಾಟಕವಾಡಿ, 1960ರಲ್ಲಿ ‘ರಣಧೀರ ಕಂಠೀರವ’ವನ್ನು ನಿರ್ಮಿಸಿದರು. ಕನ್ನಡ ಚಿತ್ರಗಳು ಬಹುಮಟ್ಟಿಗೆ ಮದರಾಸಿನಲ್ಲಿ ತಯಾರಾಗುತ್ತಿದ್ದುದನ್ನು ಕಂಡು ಬಾಲಕೃಷ್ಣರು ಬೆಂಗಳೂರಿನ ಹೊರವಲಯದಲ್ಲಿ ಅಭಿಮಾನ್ ಸ್ಟುಡಿಯೋವನ್ನು ಸ್ಥಾಪಿಸಿದರು. ಆ ಸಾಹಸದಿಂದ ಅವರಿಗೆ ದೊರೆತುದು ಲಾಭವಲ್ಲ, ಹೊರೆ. 1995ರಲ್ಲಿ ಅವರು ಕಾಲವಾದರು.

ಅವರ ಹಾಸ್ಯವೆಲ್ಲವೂ ಇಂದಿಗೂ ಹಸಿರಾಗಿದೆಯೆಂದು ಹೇಳುವುದು ಅತಿಶಯೋಕ್ತಿಯಾದೀತು. ಆಣೆ ಪೈಗಳ ಲೆಕ್ಕದ ಮೇಲೆ ನಿಂತ ನಗೆಯು ಆ ನಾಣ್ಯಗಳೊಡನೆಯೇ ಚಲಾವಣೆ ತಪ್ಪುವುದು. ಹೆಂಗಸರನ್ನೂ ಅಂಗವಿಕಲರನ್ನೂ ಹೀಯಾಳಿಸಿ ನಗಿಸುವುದು ಆ ಕಾಲದ ಚಿತ್ರಗಳಲ್ಲಿ ವಿರಳವಾಗಿರಲಿಲ್ಲ. ಇಂದಿನ ಯುವಕರು ಅದಕ್ಕೆ ನಗದಿದ್ದರೆ ದೋಷವು ಅವರದಲ್ಲ. ಆದರೆ ಜಿಪುಣನ ಲೆಕ್ಕಾಚಾರ, ಪುಕ್ಕಲನ ಪೌರುಷ, ಕುತಂತ್ರಿಯು ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವ ಪರಿ, ಇವುಗಳಿಗೆ ಮುಪ್ಪಿಲ್ಲ. ಬಾಲಕೃಷ್ಣರ ಹುಬ್ಬು ಏರಿದೊಡನೆ ಇಂದಿನ ಬಾಲಕನೂ ನಗುವನು. ಹುಬ್ಬಿಗೆ ವ್ಯಾಖ್ಯಾನವು ಬೇಡ. ಅದೇ ಮುಖವು 1972ರ ‘ಬಂಗಾರದ ಮನುಷ್ಯ’ದಲ್ಲಿ ರಾಚೂಟಪ್ಪನ ವಾತ್ಸಲ್ಯವನ್ನೂ ತೋರಿತು. ಮನುಷ್ಯಸ್ವಭಾವವನ್ನು ಬಲ್ಲ ನಗೆಯು ಬಾಳುವುದು. ಬರಿಯ ಸಂದರ್ಭವನ್ನು ನೆಚ್ಚಿದ ನಗೆಯು ಬಾಡುವುದು.

ಬಾಳಬಲ್ಲ ನಗೆಯಾದರೂ ಬಾಳಲು ಸುರುಳಿಯು ಉಳಿದಿರಬೇಕಷ್ಟೆ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿಯು ಇಂದು ದೊರೆಯದು. ಅದರಲ್ಲಿ ಯಾರು ಯಾರನ್ನು ನಗಿಸಿದರೆಂದು ನೋಡಿ ತಿಳಿಯುವ ದಾರಿಯಿಲ್ಲ. ಆ ನಗೆಯು ಹಳತಾಗಿ ಸತ್ತುದಲ್ಲ. ನಮ್ಮ ಅಲಕ್ಷ್ಯದಿಂದ ಸತ್ತುದು. ಹಳೆಯ ಹಾಸ್ಯವು ನಗಿಸುವುದೋ ಇಲ್ಲವೋ ಎಂಬ ತೀರ್ಪನ್ನು ಮೊಮ್ಮಕ್ಕಳೇ ಕೊಡಲಿ. ಆ ತೀರ್ಪಿಗೆ ಬೇಕಾದ ಸಾಕ್ಷ್ಯವನ್ನು ಕಾಪಾಡಿ ಅವರ ಕೈಗೊಪ್ಪಿಸುವುದು ನಮ್ಮ ಹೊಣೆ. ತಮಗೆ ಕೇಳಿಸದ ನಗೆಗಾಗಿ ಜೀವಮಾನವೆಲ್ಲ ದುಡಿದ ಅರಸೀಕೆರೆಯ ಆ ಕಲಾವಿದನಿಗೆ ನಾಡು ಸಲ್ಲಿಸಬೇಕಾದ ಋಣವು ಅಷ್ಟಾದರೂ ಇದೆ.